ಎಲ್ಡರ್ ರೀಡ್‌ಗೆ ನಾನು ಜೊತೆಗಾರನಾದದ್ದು

ಸೀಬ್

ಮಸ್ಕತ್ತಿನಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ, ಅಲ್ಲಿ ಏನೇನು ನೋಡಿದಿರಿ ಎಂದು. ಕೋಟೆ ನೋಡಲಿಲ್ಲ, ಅರಮನೆಯ ಬಾಗಿಲೂ ನೋಡಲಿಲ್ಲ ಎಂದರೆ ಮುಖ ಮುಖ ನೋಡುತ್ತಾರೆ. ಏನು ಮಾಡಲಿ, ನಾನು ಹೋದದ್ದು ತಂಗಿಯ ಮನೆಗೆ, ತಿರುಗಿದ್ದು ಟೈ ಕಟ್ಟಿದ ಒಬ್ಬ ಅಮೆರಿಕದ ಹುಡುಗನ ಹಿಂದೆ. ಆ ದಿನಗಳಲ್ಲಿ ನಾನು ಬೆಚ್ಚಿಬಿದ್ದಷ್ಟು ಸಲ ನನ್ನ ಐವತ್ತು ವರ್ಷಗಳ ಬದುಕಿನಲ್ಲಿ ಬೆಚ್ಚಿಬಿದ್ದಿರಲಿಕ್ಕಿಲ್ಲ.

ನನ್ನದು ಕಾರ್ಕಳದಲ್ಲಿ ಒಂದು ಸಣ್ಣ ಪ್ರೆಸ್ಸು. ಮದುವೆಯ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ, ಇವೇ ನಮ್ಮ ಅನ್ನ. ಮಳೆ ಹಿಡಿಯಿತೆಂದರೆ ಮದುವೆಗಳು ನಿಲ್ಲುತ್ತವೆ, ಪ್ರೆಸ್ಸಿನಲ್ಲಿ ನೊಣ ಹೊಡೆಯುವ ಕೆಲಸ. ತೊಂಬತ್ತರ ದಶಕದ ಅಂಥದೊಂದು ಜೂನ್ ತಿಂಗಳಲ್ಲಿ ತಂಗಿ ವಾರಿಜಾ ವೀಸಾ ಕಳಿಸಿದಳು. "ಅಣ್ಣ, ಎಷ್ಟು ದಿವಸ ಅಂತ ಊರಲ್ಲೇ ಕೂತ್ಕೊಳ್ಳುದು, ಒಂದು ಸಲ ಬಂದು ಹೋಗು" ಎಂದು ಫೋನಿನಲ್ಲಿ ಗದರಿಸಿದಳು. ಹೊರಟೆ.

ಸೀಬ್ ವಿಮಾನ ನಿಲ್ದಾಣದ ಒಳಗೆ ಹಲ್ಲು ಕಡಿಯುವ ಚಳಿ. ಹೊರಗೆ ಕಾಲಿಟ್ಟದ್ದೇ ಸೆಖೆ ಮುಖಕ್ಕೆ ರಾಚಿ ಕನ್ನಡಕಕ್ಕೆ ಮಂಜು ಹಿಡಿಯಿತು. ಏನೂ ಕಾಣದೆ, ವಾರಿಜಾ ಇರಬೇಕೆಂದು ಹಲಸಿನ ಹಪ್ಪಳದ ಚೀಲವನ್ನು ಬೇರೆ ಯಾರದೋ ಹೆಂಡತಿಯ ಕೈಗೆ ಕೊಟ್ಟೆ. ಆಕೆಯ ಗಂಡ ಅದನ್ನು ತೂಗಿ ನೋಡಿ, ಬೇಸರದಿಂದಲೇ ಹಿಂದಕ್ಕೆ ಕೊಟ್ಟ.

ಮದೀನತ್ ಸುಲ್ತಾನ್ ಖಾಬೂಸ್

ತಂಗಿಯ ಮನೆ ಇದ್ದದ್ದು ಮಸ್ಕತ್ತಿನ ಈ ಬಡಾವಣೆಯಲ್ಲಿ. ವಾರಿಜಾ ಇಲ್ಲಿನ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಭಾವ ಜಯಕರ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟೆಂಟ್. ಬೆಳಿಗ್ಗೆ ಇಬ್ಬರೂ ಹೊರಟರೆ ನಾನೂ ಎಸಿಯೂ ಮಾತ್ರ. ಎರಡು ದಿನ ಹೊದ್ದು ಮಲಗಿದೆ. ಮೂರನೆಯ ದಿನ ಸಂಜೆ ಹಿಂದಿನ ಮನೆಯ ಮಿಸೆಸ್ ರೀಡ್ ಬಂದರು. ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವವರು, ಅಮೆರಿಕದವರು, ಹತ್ತಿಯ ಫ್ರಾಕು, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಕಾಫಿಗೆ ನೀರಿಡಲು ಎದ್ದೆ.

"ಬೇಡ ಅಣ್ಣ, ಅವರು ಕಾಫಿ ಕುಡಿಯುದಿಲ್ಲ. ಟೀ ಸಹ ಇಲ್ಲ" ಎಂದಳು ವಾರಿಜಾ.

ಹಾಗಾದರೆ ಇವರು ಬೆಳಿಗ್ಗೆ ಏಳುವುದಾದರೂ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಅದು ಏನೂ ಅಲ್ಲ, ಮುಂದಿನದು ಕೇಳಿ. ಅವರು ಕ್ರಿಶ್ಚಿಯನ್ನರಲ್ಲೇ ಮಾರ್ಮನ್ ಎಂಬ ಪಂಥದವರಂತೆ. ಅವರಲ್ಲಿ ಗಂಡುಮಕ್ಕಳು ಹತ್ತೊಂಬತ್ತು ತುಂಬಿದ ಮೇಲೆ ಎರಡು ವರ್ಷ ಮತಪ್ರಚಾರಕ್ಕೆ ಹೋಗುತ್ತಾರಂತೆ. ಯಾವ ದೇಶ ಎಂದು ತಾವು ಆರಿಸುವಂತಿಲ್ಲ. ಮನೆಗೆ ಫೋನ್ ಮಾಡುವುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. ವಾರಕ್ಕೆ ಎರಡು ಸಲ ಅಮ್ಮನ ಜೊತೆ ಮಾತಾಡದಿದ್ದರೆ ಊಟ ಸೇರದ ವಾರಿಜಾ ಇದನ್ನು ಹೇಗೆ ಕೇಳಿಸಿಕೊಂಡು ಸುಮ್ಮನೆ ಕೂತಿದ್ದಾಳೆಂದು ಅವಳ ಮುಖ ನೋಡಿದೆ. ಅವಳಿಗೆ ಹಳೆಯ ಸುದ್ದಿ.

ಮಿಸೆಸ್ ರೀಡ್‌ರ ಒಬ್ಬನೇ ಮಗ ಬೆನ್ ಫಿಲಿಪ್ಪೀನ್ಸಿನ ಯಾವುದೋ ದ್ವೀಪದಲ್ಲಿ ಎರಡು ವರ್ಷ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದ. ಆದರೆ ಅವರ ಪಂಥದ ಇಲ್ಲಿನ ಮುಖಂಡರು ಎದುರು ಕೂರಿಸಿಕೊಂಡು "ನಿನ್ನ ಸೇವೆ ಮುಗಿಯಿತು" ಎಂದು ಹೇಳುವ ತನಕ ಅದು ಮುಗಿದಂತಲ್ಲ. ಅವರು ಪರವೂರಿಗೆ ಹೋಗಿದ್ದರು, ಬರುವುದು ಶುಕ್ರವಾರದ ಪ್ರಾರ್ಥನೆಗೆ. ಕೊಲ್ಲಿಯಲ್ಲಿ ಇವರಿಗೂ ಭಾನುವಾರದ ಪ್ರಾರ್ಥನೆ ಶುಕ್ರವಾರವೇ. ಅಲ್ಲಿಯ ತನಕ ಹುಡುಗ ಎಲ್ಲ ನಿಯಮ ಪಾಲಿಸುತ್ತೇನೆಂದು ಹಟ ಹಿಡಿದಿದ್ದ. ಅದರಲ್ಲಿ ದೊಡ್ಡ ನಿಯಮ, ಯಾವಾಗಲೂ ಒಬ್ಬ ಜೊತೆಗಾರ ಇರಬೇಕು. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ. ಒಬ್ಬನೇ ಇರಬಾರದು.

"ನನಗೆ ಬುಧವಾರದವರೆಗೆ ಶಾಲೆ ಇದೆ. ನೀವು ಹಗಲು ಬಿಡುವಾಗಿರುತ್ತೀರಿ ಎಂದು ವಾರಿಜಾ ಹೇಳಿದರು" ಎಂದರು ಮಿಸೆಸ್ ರೀಡ್.

ತಂಗಿ ನನ್ನನ್ನು ಮನೆಯಲ್ಲಿ ಹೆಚ್ಚಾದ ಕುರ್ಚಿಯ ಹಾಗೆ ಎತ್ತಿಕೊಟ್ಟಿದ್ದಳು. ನಾನು ಮೆಲ್ಲಗೆ, "ಇಪ್ಪತ್ತೊಂದು ವರ್ಷದ ಗಂಡಸಿಗೆ ನಾನು ಕಾವಲು ಕೂತ್ಕೊಳ್ಳುದಾ?" ಎಂದೆ.

"ಕಾವಲು ಅಲ್ಲ ಅಣ್ಣ, ಜೊತೆ" ಎಂದಳು.

ಆಮೇಲೆ ಮಿಸೆಸ್ ರೀಡ್ ದನಿ ತಗ್ಗಿಸಿದರು. ಹಿಂದಿನ ಚಳಿಗಾಲದಲ್ಲಿ ಅವರ ಗಂಡ ಹೃದಯಾಘಾತದಿಂದ ತೀರಿಕೊಂಡಿದ್ದರು. ಮಣ್ಣು ಮಾಡಿದ್ದು ಇಲ್ಲೇ ಮಸ್ಕತ್ತಿನಲ್ಲಿ. ಮಗ ಬರಲಿಲ್ಲ. ಬರಲಿಲ್ಲ ಎಂದರೆ ಬರಲಾಗಲಿಲ್ಲ ಎಂದಲ್ಲ, ಅಲ್ಲೇ ಉಳಿಯುತ್ತೇನೆ ಎಂದನಂತೆ. ನಿನ್ನೆ ಸಮಾಧಿಗೆ ಕರೆದುಕೊಂಡು ಹೋದರೆ ಗೇಟಿನ ಚಿಲಕಕ್ಕೆ ಕೈ ಹಾಕಿದವನು ಇವತ್ತು ಬೇಡ ಎಂದು ತಿರುಗಿ ಬಂದನಂತೆ. ಶನಿವಾರ ಅವರು ಮನೆ ಖಾಲಿ ಮಾಡಿ ಅಮೆರಿಕಕ್ಕೆ ಹೊರಡುವವರು, ಮತ್ತೆ ಈ ಕಡೆ ಬರುವವರಲ್ಲ.

"ಅಪ್ಪನನ್ನು ನೋಡದೆಯೇ ವಿಮಾನ ಹತ್ತಿಬಿಡುತ್ತಾನೆ ಎಂದು ಭಯ ನನಗೆ. ಆಮೇಲೆ ಜೀವನವಿಡೀ ಅದು ಅವನ ತಲೆಯಲ್ಲಿ ಇರುತ್ತದೆ. ನನ್ನ ಜೊತೆ ಬರುವುದಿಲ್ಲ. ನಿಮ್ಮ ಜೊತೆ ಬಂದರೂ ಬರಬಹುದು" ಎಂದರು.

ನಾನು ಮನೆಗೆ ದೊಡ್ಡ ಮಗ. ಅಪ್ಪ ಹೋದಾಗ ನಾನು ಹುಬ್ಬಳ್ಳಿಯಿಂದ ಲಾರಿಯಲ್ಲಿ ಸಿಮೆಂಟ್ ಚೀಲದ ಮೇಲೆ ಕೂತು ಬಂದಿದ್ದೆ, ನಾನು ಬರುವ ತನಕ ಹೆಣ ಎತ್ತಿರಲಿಲ್ಲ. ಎಷ್ಟೋ ಉತ್ತರಕ್ರಿಯೆಯ ಕಾಗದ ಅಚ್ಚು ಹಾಕಿದ್ದೇನೆ. ಊರು ಬಿಟ್ಟು ಓಡಿಹೋದ ಮಗನ ಹೆಸರೂ ಅದರಲ್ಲಿ ಮೊದಲಿಗೇ ಬರುತ್ತದೆ. ಬದುಕಿದ್ದೂ, ಗೊತ್ತಿದ್ದೂ, ಬರುವುದಿಲ್ಲ ಎಂದ ಮಗ ಎಂಥವನಿರಬಹುದು ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸಿಟ್ಟೇ ಬಂದಿತ್ತು ನನಗೆ.

ಮರುದಿನ ನಾನು ಸ್ನಾನ ಮುಗಿಸಿ ಬರುವಾಗ ವಾರಿಜಾ ಆಫೀಸಿಗೆ ತಡವಾಯಿತೆಂದು ಗೊಣಗುತ್ತಾ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಬಿಸಿಲಿನಲ್ಲಿ ಉದ್ದಕ್ಕೆ ಒಬ್ಬ ಹುಡುಗ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈ, ಪಾಲಿಶ್ ಮಾಡಿದ ಬೂಟು. ತಾಯಿ ಶಾಲೆಗೆ ಹೋಗುವಾಗ ಬಿಟ್ಟುಹೋಗಿದ್ದರು. ಒಳಗೆ ಬಾ ಎಂದರೆ ಬಾರ. ಹೆಂಗಸೊಬ್ಬಳೇ ಇರುವ ಕೋಣೆಗೆ ಕಾಲಿಡಬಾರದು, ಅದೂ ಒಂದು ನಿಯಮ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

"ನಾನು ಎಲ್ಡರ್ ರೀಡ್" ಎಂದು ಕೈ ಚಾಚಿದ. ಎಲ್ಡರ್ ಎಂದರೆ ಹಿರಿಯ. ಪ್ರಚಾರಕ್ಕೆ ಹೋದ ಹುಡುಗರನ್ನೆಲ್ಲ ಹಾಗೆಯೇ ಕರೆಯುವುದಂತೆ. ನನ್ನ ತಲೆ ಅರ್ಧ ನರೆತಿದೆ, ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಇಬ್ಬರಲ್ಲಿ ಹಿರಿಯ ಅವನು. ಬೆನ್ ಎಂದು ಕರೆದರೆ ತಿರುಗಿ ಸಹ ನೋಡುತ್ತಿರಲಿಲ್ಲ. ಎರಡು ವರ್ಷ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲವಲ್ಲ.

ಹೀಗೆ ನನ್ನ ಜೊತೆಗಾರಿಕೆ ಶುರುವಾಯಿತು. ಅವನು ಆರೂವರೆಗೆ ಎದ್ದು, ಮೊಣಕಾಲೂರಿ ಪ್ರಾರ್ಥಿಸಿ, ಗ್ರಂಥ ಓದಿ ಮುಗಿಸಿ ನಮ್ಮಲ್ಲಿಗೆ ಬರುವಾಗ ನಾನು ಇನ್ನೂ ಆಕಳಿಸುತ್ತಿರುತ್ತಿದ್ದೆ. ಟಿವಿ ಹಾಕಿದರೆ ಎದ್ದು ಕಿಟಕಿಯ ಹತ್ತಿರ ಹೋಗುವನು. ಪೇಪರ್ ಓದ. ಸಿನಿಮಾ ಹಾಡು ಕೇಳ. ನಾನು ಕಾಫಿ ಕುಡಿಯುವಾಗ ಮಾತ್ರ ಮರ್ಯಾದೆಯಿಂದ ಬೇರೆ ಕಡೆ ನೋಡುವನು, ನನಗೇ ಸಿಗ್ಗು ಬರುವಷ್ಟು. ಮಾತು ಇಂಗ್ಲಿಷಿನಲ್ಲಿ, ನನ್ನದು ಹರಕು ಮುರುಕು.

ದ್ವೀಪದಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಹೊರಟರೆ ರಾತ್ರಿಯ ತನಕ ಬಾಗಿಲು ತಟ್ಟುವುದೇ ಕೆಲಸವಂತೆ. ನಾಯಿ ಕಚ್ಚಿದ್ದು, ಅನ್ನದ ಜೊತೆ ಒಣಮೀನು ತಿಂದದ್ದು, ಒಂದು ಮನೆಯವರು ನಿಮ್ಮ ಮತ ಬೇಡ ಬೇಡ ಎನ್ನುತ್ತಲೇ ಊಟ ಹಾಕಿದ್ದು, ಎಲ್ಲವನ್ನೂ ಖುಷಿಯಿಂದ ಹೇಳುವನು. ಒಮಾನಿನಲ್ಲಿ ಪರಮತದ ಪ್ರಚಾರಕ್ಕೆ ಕಾನೂನು ಬಿಡುವುದಿಲ್ಲ. ಅದು ಅವನಿಗೂ ಗೊತ್ತು. ಹೆಸರಿನ ಕಪ್ಪು ಬಿಲ್ಲೆಯನ್ನು ಎದೆಗೆ ಹಾಕದೆ ಜೇಬಿನಲ್ಲಿ ಇಟ್ಟಿದ್ದ. ಆದರೆ ಒಂಬತ್ತೂವರೆ ಆಯಿತೆಂದರೆ ಕಾಲು ನಿಲ್ಲಬೇಕಲ್ಲ. "ಯಾರಿಗಾದರೂ ಏನಾದರೂ ಸಹಾಯ ಮಾಡೋಣ ಮಿಸ್ಟರ್ ವಾಸು" ಎನ್ನುವನು. ಅವನು ಏಣಿ ಹತ್ತಿದರೆ ಜೊತೆಗಾರ ಏಣಿ ಹಿಡಿಯಬೇಕು. ಮಸ್ಕತ್ ನೋಡಲು ಹೋದ ನಾನು ಬಿಲ್ಡಿಂಗಿನ ಅರ್ಧ ಮನೆಗಳ ಎಸಿ ಜಾಲರಿ ತೊಳೆದೆ.

ಖುರುಮ್

ಅಂಗಡಿಗಳ ಜಾಗಕ್ಕೆ ಹೋದರೆ ಇವನ ಕಾಟ ಸ್ವಲ್ಪ ಕಡಿಮೆಯಾದೀತೆಂದು ಖುರುಮಿನ ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಅವನು ಸಾಬೂನು ನೋಡುತ್ತಿದ್ದಾಗ ಮೆಲ್ಲಗೆ ಹಿಂದಿನ ಬಾಗಿಲಿಂದ ಜಾರಿ, ಗೋಡೆಯ ಮರೆಯಲ್ಲಿ ಒಂದು ಸಿಗರೇಟ್ ಹಚ್ಚಿದೆ. ಎರಡು ದಮ್ಮು ಎಳೆಯುವಷ್ಟರಲ್ಲಿ ಬೂಟಿನ ಸದ್ದು. ಓಡಿಕೊಂಡು ಬಂದಿದ್ದ, ಮುಖ ಬಿಳಿಚಿತ್ತು. ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಮುಖ. ನನ್ನನ್ನು ಕಂಡದ್ದೇ ಉಸಿರು ಬಿಟ್ಟು, ಹೊಗೆ ತಾಗದಷ್ಟು ದೂರದಲ್ಲಿ ಬೆನ್ನು ಮಾಡಿ ನಿಂತ. ಬಯ್ಯಲೂ ಇಲ್ಲ. ನಾನು ಸಿಗರೇಟ್ ಆರಿಸಿದೆ.

ದುಡ್ಡು ಕೊಡುವ ಕೌಂಟರಿನಲ್ಲಿ ಫಿಲಿಪ್ಪೀನ್ಸಿನ ಹುಡುಗಿ. ಅವಳು ಪಕ್ಕದವಳ ಹತ್ತಿರ ಏನೋ ಅಂದಳು, ಇವನು ಅದಕ್ಕೆ ಅವಳ ಭಾಷೆಯಲ್ಲೇ ಉತ್ತರ ಕೊಟ್ಟ. ಅವಳು ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನು ಹಾಗೇ ಕೆಳಗೆ ಬಿಟ್ಟಳು. ಆಮೇಲೆ ಇಬ್ಬರ ಮಾತು ನಿಲ್ಲಲೇ ಇಲ್ಲ, ಹಿಂದೆ ಸಾಲು ಬೆಳೆಯಿತು, ಒಬ್ಬ ಒಮಾನಿ ಮುದುಕ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದ. ಅವಳ ಊರಿನ ಪಕ್ಕದ ಊರಿನಲ್ಲೇ ಇವನು ಇದ್ದದ್ದು. ಅಲ್ಲಿ ಏನು ಮಾಡುತ್ತಿದ್ದಿ ಎಂದು ಅವಳು ಕೇಳಿರಬೇಕು, ಇವನ ಬಾಯಿ ಟಕ್ಕನೆ ಮುಚ್ಚಿತು. ಕೈ ಜೇಬಿನ ಬಿಲ್ಲೆಯ ಮೇಲೆ ಹೋಯಿತು. ಜನರಿಗೆ ಸಹಾಯ ಮಾಡುತ್ತಿದ್ದೆ ಎಂದಷ್ಟೇ ಹೇಳಿದೆ ಎಂದು ಹೊರಗೆ ಬಂದ ಮೇಲೆ ನನಗೆ ತಿಳಿಸಿದ.

ಸಂಜೆ ಕಡಲ ತೀರಕ್ಕೆ ಹೋದೆವು. ಪ್ಯಾಂಟು ಮಡಚಿ ನೀರಿಗೆ ಇಳಿದೆ. ಅವನು ಮರಳಿನಲ್ಲಿ ಬೂಟು ಹಾಕಿಕೊಂಡೇ ನಿಂತ, ಈಜುವುದೂ ನಿಷಿದ್ಧ. ಇದೇ ಸಮಯವೆಂದು ನಾನು, "ಸಮಾಧಿ ಇಲ್ಲಿಂದ ದೂರವಿಲ್ಲ, ಹೋಗಿ ಬರೋಣವೇ?" ಎಂದೆ.

"ಶುಕ್ರವಾರ ಆಗಲಿ" ಎಂದ.

"ಶುಕ್ರವಾರ ನಿನಗೆ ಪ್ರಾರ್ಥನೆ, ಶನಿವಾರ ವಿಮಾನ. ನಿನ್ನ ಅಮ್ಮನಿಗೆ ಏನು ಹೇಳುತ್ತಿ?"

ಅವನು ಬಗ್ಗಿ ಬೂಟಿನ ಮರಳು ಒರೆಸತೊಡಗಿದ. ಎಂಥ ಕಲ್ಲು ಮನಸ್ಸು ಎಂದು ಆಗ ಅನಿಸಿತು. ಮನೆಗೆ ಬಂದು ವಾರಿಜಾಳ ಹತ್ತಿರ ನಾಳೆಯಿಂದ ನಾನು ಹೋಗುವವನಲ್ಲ ಎಂದೂ ಹೇಳಿದೆ. ಅವಳು ಕೇಳಿಸಿಕೊಳ್ಳದವಳ ಹಾಗೆ ಚಪಾತಿ ಲಟ್ಟಿಸಿದಳು.

ಸೊಹಾರ್

ಮಿಸ್ಟರ್ ರೀಡ್ ಸೊಹಾರ್ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ವಾರವಿಡೀ ಅಲ್ಲೇ ಇದ್ದು ರಜೆಗೆ ಮಸ್ಕತ್ತಿಗೆ ಬರುತ್ತಿದ್ದರು. ಅವರ ಹತಾರದ ಪೆಟ್ಟಿಗೆ ಮತ್ತು ಒಂದಿಷ್ಟು ಪುಸ್ತಕ ಖಲ್ಫಾನ್ ಎಂಬ ಒಮಾನಿ ಸಹೋದ್ಯೋಗಿಯ ಮನೆಯಲ್ಲೇ ಉಳಿದಿದ್ದವು. ಅವನ್ನು ತರಲು ಭಾವನ ಕಂಪೆನಿಯ ಡ್ರೈವರ್ ಹಮೀದ್ ಪಿಕಪ್ ತಂದ. ಹಮೀದ್ ಉಳ್ಳಾಲದವನು, ದಾರಿಯುದ್ದಕ್ಕೂ ನನಗೆ ಊರಿನ ಸುದ್ದಿ, ಹುಡುಗನಿಗೆ ಹಿಂದಿ ಹಾಡು. ಹುಡುಗ ಕಿವಿ ಮುಚ್ಚಲೂ ಆಗದೆ ಹೊರಗೆ ನೋಡುತ್ತಿದ್ದ.

ಖಲ್ಫಾನ್ ನಮ್ಮನ್ನು ಕಂಬಳಿಯ ಮೇಲೆ ಕೂರಿಸಿದರು. ಖರ್ಜೂರ ಬಂತು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಏಲಕ್ಕಿ ಹಾಕಿದ ಕಹ್ವಾ ಬಂತು. ಎಲ್ಡರ್ ಬಟ್ಟಲಿನ ಮೇಲೆ ಕೈ ಮುಚ್ಚಿ, ನಾನು ಕಾಫಿ ಕುಡಿಯುವುದಿಲ್ಲ ಎಂದ. ಮನೆಗೆ ಬಂದವನು ಕಹ್ವಾ ಬೇಡವೆನ್ನುವುದೆಂದರೇನು? ಗಡಿಬಿಡಿಯಲ್ಲಿ, ಅವನದ್ದೂ ನಾನೇ ಕುಡಿಯುತ್ತೇನೆ ಎಂದುಬಿಟ್ಟೆ. ಕುಡಿದೆ, ತುಂಬಿದರು. ಕುಡಿದೆ, ಮತ್ತೆ ತುಂಬಿದರು. ಖಾಲಿ ಬಟ್ಟಲು ಕೈಯಲ್ಲಿ ಹಿಡಿದಷ್ಟೂ ಹೊತ್ತು ಹೂಜಿ ನನ್ನ ಕಡೆಗೇ ಬಾಗುತ್ತಿತ್ತು. ಹೊಟ್ಟೆಯಲ್ಲಿ ಏಲಕ್ಕಿ ಉರಿಯತೊಡಗಿತು.

"ವಾಸಣ್ಣ, ಬಟ್ಲು ಅಲ್ಲಾಡಿಸಿ. ಅಲ್ಲಾಡಿಸದಿದ್ರೆ ಬೇಕು ಅಂತ ಅರ್ಥ, ಅವರು ನಿಲ್ಲಿಸುದೇ ಇಲ್ಲ" ಎಂದು ಹಮೀದ್ ಪಿಸುಗುಟ್ಟಿದ. ಅಲ್ಲಾಡಿಸಿದೆ. ನಿಂತಿತು.

ಖಲ್ಫಾನ್ ನಕ್ಕರು. "ಇವನ ಅಪ್ಪನೂ ಕುಡಿಯುತ್ತಿರಲಿಲ್ಲ. ಅವರಿಗೆ ನಾವು ಬಿಸಿ ಹಾಲು ಕೊಡುತ್ತಿದ್ದೆವು" ಎಂದು ಒಳಗೆ ಹೇಳಿ ಹಾಲು ತರಿಸಿದರು. ಹುಡುಗ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡ.

ಆಮೇಲೆ ಅವರು ಅದೇ ಸಮಾಧಾನದ ದನಿಯಲ್ಲಿ ಹೇಳಿದರು. "ಮಣ್ಣು ಮಾಡುವ ದಿನ ನಾವು ಇಲ್ಲಿಂದ ಒಂದು ಬಸ್ಸು ತುಂಬ ಜನ ಹೋಗಿದ್ದೆವು. ಎಲ್ಲರೂ ನಿಂತೇ ಇದ್ದರು, ಮೊದಲ ಹಿಡಿ ಮಣ್ಣು ಯಾರು ಹಾಕುವುದು ಎಂದು. ಅದು ಮಗನ ಹಿಡಿ. ಕೊನೆಗೆ ನಾನು ಹಾಕಿದೆ. ನೀನು ಎಲ್ಲಿದ್ದೆ ಮಗನೇ?"

ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ದಾರಿ ಕೇಳುವವರ ಹಾಗೆ ಕೇಳಿದರು. ಹುಡುಗ ಲೋಟದೊಳಗೆ ನೋಡುತ್ತಾ ಕೂತ. ನನಗೆ ಅಲ್ಲಿಂದ ಎದ್ದು ಹೋಗೋಣ ಎನಿಸಿತು. ಇದೇ ಪ್ರಶ್ನೆ ಎಷ್ಟು ದಿನದಿಂದ ನನ್ನ ನಾಲಗೆಯ ತುದಿಯಲ್ಲಿ ಇತ್ತು, ಬೇರೆಯವರ ಬಾಯಲ್ಲಿ ಕೇಳಿದಾಗ ಸಹಿಸಲಾಗಲಿಲ್ಲ.

ಬರುವಾಗ ಬರ್ಕಾದ ಹತ್ತಿರ ಹಮೀದ್ ನಮಾಜಿಗೆಂದು ಗಾಡಿ ನಿಲ್ಲಿಸಿದ. ನಾವಿಬ್ಬರೇ ಉಳಿದೆವು. ಹುಡುಗ ತಾನಾಗಿಯೇ ಬಾಯಿ ಬಿಟ್ಟ.

"ಸುದ್ದಿ ಬಂದ ದಿನ ಬೆಳಿಗ್ಗೆ ದ್ವೀಪದಲ್ಲಿ ನಮ್ಮ ಮುಖ್ಯಸ್ಥರು ನನ್ನನ್ನು ಕರೆಸಿ ಫೋನ್ ಕೊಟ್ಟರು. ಆ ಕಡೆ ಅಮ್ಮ ಇದ್ದರು. ಬರುವುದಾದರೆ ಬಾ, ಯಾರೂ ತಪ್ಪು ತಿಳಿಯುವುದಿಲ್ಲ ಎಂದರು. ಮುಖ್ಯಸ್ಥರೂ ಅದನ್ನೇ ಹೇಳಿದರು. ಆದರೆ ನಾನು ಹೊರಡುವಾಗ ಅಪ್ಪ, ಏನೇ ಆದರೂ ಅರ್ಧಕ್ಕೆ ಬಿಟ್ಟು ಬರಬೇಡ ಎಂದಿದ್ದರು. ಉಳಿದೆ."

"ಆಮೇಲೆ?"

"ಮಧ್ಯಾಹ್ನ ಒಂದು ಮನೆಗೆ ಬರುತ್ತೇವೆ ಎಂದು ಮೊದಲೇ ಹೇಳಿದ್ದೆವು. ಹೋದೆವು. ಸತ್ತವರು ಮತ್ತೆ ನಮಗೆ ಸಿಗುತ್ತಾರೆ ಎಂಬುದು ಅವತ್ತಿನ ಪಾಠ. ನಾನೇ ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಮಿಸ್ಟರ್ ವಾಸು. ಆ ಮನೆಯ ಹೆಂಗಸು ಅತ್ತಳು. ನನಗೆ ಅಳು ಬರಲಿಲ್ಲ. ಅದೇ ನನಗೆ ಹೆದರಿಕೆ."

ನಾನು ದಂಗಾಗಿ ಅವನನ್ನೇ ನೋಡಿದೆ. ಅಪ್ಪ ಸತ್ತ ಸುದ್ದಿ ಬಂದ ದಿನವೇ ಪರರ ಮನೆಯ ಜಗಲಿಯಲ್ಲಿ ಕೂತು, ಪರಭಾಷೆಯಲ್ಲಿ, ಸಾವಿನ ಬಗ್ಗೆ ಸಮಾಧಾನ ಹೇಳಿದ ಇಪ್ಪತ್ತು ವರ್ಷದ ಹುಡುಗ.

"ರಾತ್ರಿಯಾದರೂ ಅಳಬಹುದಿತ್ತಲ್ಲ" ಎಂದೆ.

"ಹೇಗೆ? ನನ್ನ ಜೊತೆಗಾರ ಹೊಸಬ. ಮನೆ ಬಿಟ್ಟು ಬಂದು ಕೆಲವೇ ದಿನ ಆಗಿತ್ತು, ಅವನೇ ರಾತ್ರಿ ಅಳುತ್ತಿದ್ದ. ಮಂಚದಿಂದ ಮಂಚಕ್ಕೆ ಒಂದು ಕೈ ದೂರ. ಬಚ್ಚಲಿಗೆ ಹೋದರೂ ಹೊರಗಿನಿಂದ, ಎಲ್ಡರ್, ನನಗೂ ನೀರು ಉಳಿಸು ಎಂದು ಕೂಗುವನು. ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಯಾವಾಗಲೂ ಯಾರೋ ಒಬ್ಬರು ನೋಡುತ್ತಿದ್ದರು. ಮೊನ್ನೆ ಸಮಾಧಿಯ ಗೇಟಿನ ಹತ್ತಿರ ಅಮ್ಮ ನೋಡುತ್ತಿದ್ದರು. ನನಗೆ ಅಳು ಬಾರದಿದ್ದರೆ ಅವರು ಅದನ್ನೂ ನೋಡುತ್ತಾರಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನ ಬೆನ್ನಿನ ಮೇಲೆ ಕೈ ಇಟ್ಟೆ. ಹಮೀದ್ ಬರುವವರೆಗೂ ಹಾಗೇ ಇಟ್ಟುಕೊಂಡಿದ್ದೆ.

ಗುರುವಾರ, ಗುಡ್ಡಗಳ ನಡುವೆ

ಗುರುವಾರ ಆಫೀಸುಗಳಿಗೆ ರಜೆ. ನಾನು ಕಾಫಿ ಕುಡಿದು ಮುಗಿಸುವ ತನಕ ಎಲ್ಡರ್ ಬಾಗಿಲಲ್ಲೇ ನಿಂತು ಕಾದಿದ್ದ. ಎಸಿಯೂ ಏಣಿಯೂ ಅವತ್ತು ಅವನಿಗೆ ಬೇಕಿರಲಿಲ್ಲ. "ಇವತ್ತು ಹೋಗೋಣ. ಅಮ್ಮನಿಗೆ ಹೇಳಿ ಬಂದಿದ್ದೇನೆ. ಅವರು ಬರುವುದಿಲ್ಲ" ಎಂದ. ಹಮೀದನನ್ನು ಕರೆದೆವು.

ಮಸ್ಕತ್ತಿನ ಗುಡ್ಡಗಳಲ್ಲಿ ಒಂದು ಹುಲ್ಲಿನ ಕಡ್ಡಿಯೂ ಇಲ್ಲ. ಅಂಥ ಎರಡು ಗುಡ್ಡಗಳ ಸಂದಿಯಲ್ಲಿ ಗೋಡೆ ಕಟ್ಟಿದ ಸಣ್ಣ ಸ್ಮಶಾನ, ಎಲ್ಲೆಲ್ಲಿಂದಲೋ ಬಂದು ಇಲ್ಲಿ ತೀರಿಕೊಂಡ ಕ್ರಿಶ್ಚಿಯನ್ನರದ್ದು. ಹಮೀದ್ ಗೋಡೆಯ ನೆರಳಿನಲ್ಲಿ ಗಾಡಿ ನಿಲ್ಲಿಸಿದ. ಹುಡುಗ ಗೇಟಿನ ಚಿಲಕಕ್ಕೆ ಕೈ ಹಾಕಿ ಒಂದು ಗಳಿಗೆ ನಿಂತ. ತೆರೆದ.

ಮಿಸ್ಟರ್ ರೀಡ್‌ರದು ಕೊನೆಯ ಸಾಲಿನಲ್ಲಿತ್ತು. ಜಲ್ಲಿಯ ಸಣ್ಣ ದಿಬ್ಬ, ತಲೆಯ ಕಡೆ ಹೆಸರು ಕೆತ್ತಿದ ಕಲ್ಲು. ಹುಡುಗ ಟೈ ಸರಿಮಾಡಿಕೊಂಡು, ಗುರುತಿಲ್ಲದ ಮನೆಯ ಬಾಗಿಲಲ್ಲಿ ನಿಲ್ಲುವವರ ಹಾಗೆ ಒಂದು ಹೆಜ್ಜೆ ಹಿಂದೆ ನಿಂತ. ನಾನು ಅವನ ಪಕ್ಕದಲ್ಲಿ. ಬಿಸಿಲು ತಲೆಯನ್ನು ಸುಡುತ್ತಿತ್ತು. ಪ್ರಾರ್ಥನೆಯಾದರೂ ಹೇಳುವನೋ ಎಂದು ನೋಡಿದೆ, ಹೇಳಲಿಲ್ಲ. ನನಗೆ ಏನು ಮಾಡಬೇಕೆಂದು ತೋಚದೆ ಕೈ ಮುಗಿದೆ.

ಕೊನೆಗೆ ಅವನು ನನ್ನ ಕಡೆ ತಿರುಗದೆಯೇ ಕೇಳಿದ, "ಮಿಸ್ಟರ್ ವಾಸು, ನೀವು ಹೊರಗೆ ಹೋಗಿ ನಿಲ್ಲುತ್ತೀರಾ? ನಿಮಗೆ ನಾನು ಕಾಣಬಾರದು. ಕೇಳಿಸಲೂ ಬಾರದು."

ನಾನು ಕಿವಿಯನ್ನು ನಂಬಲಿಲ್ಲ. ಸಿಗರೇಟಿಗೆಂದು ಗೋಡೆಯ ಮರೆಗೆ ಹೋದರೆ ಓಡಿಕೊಂಡು ಬಂದ ಹುಡುಗ ಇವನೇ.

"ನಾಳೆಯೇ ಶುಕ್ರವಾರ. ನಿನ್ನ ನಿಯಮ?" ಎಂದೆ.

"ಗೊತ್ತು" ಎಂದ.

ಹಿಂದೆ ನೋಡದೆ ನಡೆದು ಹೊರಗೆ ಬಂದು ಗೇಟು ಎಳೆದೆ. ಹಮೀದ್ ಪಿಕಪ್ಪಿಗೆ ಒರಗಿ ನಿಂತಿದ್ದವನು ನನ್ನ ಹಿಂದೆ ಯಾರೂ ಇಲ್ಲದ್ದು ಕಂಡು ಗಾಬರಿಯಾದ.

"ಎಂತ ವಾಸಣ್ಣ, ಅವನನ್ನು ಒಬ್ಬನೇ ಬಿಟ್ಟು ಬಂದ್ರಾ? ಒಬ್ಬನೇ ಇರ್ಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಒಬ್ಬನೇ ಎಲ್ಲಿ ಮಾರಾಯ" ಎಂದೆ. "ಅಪ್ಪನ ಒಟ್ಟಿಗೆ ಇದ್ದಾನೆ."

ಅಷ್ಟರಲ್ಲಿ ಗೋಡೆಯಾಚೆಯಿಂದ ಆ ಸದ್ದು ಬಂತು. ಹಮೀದ್ ನನ್ನ ಮುಖ ನೋಡಿದ. ಇಬ್ಬರೂ ಗಾಡಿ ಹತ್ತಿ, ಕೇಳಿಸದಷ್ಟು ದೂರ ಹೋಗಿ ನಿಲ್ಲಿಸಿಕೊಂಡೆವು.